ಲೋ ವೋಲ್ಟೇಜ್ ಬಂದ್ರೆ ಬೋರ್‌ವೆಲ್ ಮೋಟರ್ ಸುಡೋದ್ಯಾಕೆ?

ಹೋದ ಬೇಸಿಗೇಲಿ ಮುಳಬಾಗಿಲು ಹತ್ರ ನಮ್ಮ ತೋಟದ ಬೋರ್‌ವೆಲ್ ಮೋಟರ್ ಸುಟ್ಟೋಯ್ತು. 1200 ಅಡಿಯಿಂದ ಪೈಪೆಲ್ಲ ಎತ್ತಿ ಕೋಲಾರಕ್ಕೆ ರಿವೈಂಡಿಂಗಿಗೆ, ಅಂದ್ರೆ ಒಳಗಿನ ವೈರ್ ಹೊಸದಾಗಿ ಸುತ್ತಿಸೋಕೆ, ತಗೊಂಡೋದ್ವಿ. ಮೆಕಾನಿಕ್ ಬಿಚ್ಚಿ ತೋರಿಸಿದ್ರು, ತಾಮ್ರದ ವೈರ್ ಮೇಲಿನ ಪ್ಲಾಸ್ಟಿಕ್ ಕರಗಿ ಕರ್ರಗೆ ಅಂಟ್ಕೊಂಡಿತ್ತು. "ಲೋ ವೋಲ್ಟೇಜ್ ಅಣ್ಣ" ಅಂದ್ರು. ಅಪ್ಪ ಕೇಳಿದ್ರು, ಕರೆಂಟು ಕಮ್ಮಿ ಬಂದ್ರೆ ಮೋಟರ್ ಮೆತ್ತಗೆ ಓಡ್ಬೇಕಲ್ವೇನಪ್ಪ, ಸುಡೋದ್ಯಾಕೆ?

ತುಂಬಾ ಒಳ್ಳೇ ಪ್ರಶ್ನೆ ಅದು.

ಕರೆಂಟು ಅಂದ್ರೆ ವೈರ್ ಒಳಗೆ ಎಲೆಕ್ಟ್ರಾನ್‌ಗಳು ಹರಿಯೋದು. ಬೆಳಗ್ಗೆ ಕೋಲಾರದ ಟೊಮೆಟೊ ಮಂಡೀಲಿ ಬಾಕ್ಸ್ ಹೊತ್ಕೊಂಡು ಜನರ ಮಧ್ಯೆ ನುಗ್ಗೋರು ಹೆಂಗೆ ಹೆಜ್ಜೆಗೊಬ್ಬರಿಗೆ ಡಿಕ್ಕಿ ಹೊಡೀತಾರೋ ಹಂಗೆ ಎಲೆಕ್ಟ್ರಾನ್‌ಗಳೂ ಲೋಹದ ಪರಮಾಣುಗಳಿಗೆ ತಾಗ್ತಾ ಹೋಗ್ತವೆ, ಆ ಪರಮಾಣುಗಳ ಅಲುಗಾಟ ಜಾಸ್ತಿ ಆಗುತ್ತೆ, ಆ ಅಲುಗಾಟವೇ ಬಿಸಿ. ಇಂಗ್ಲೆಂಡಲ್ಲಿ ಬಿಯರ್ ತಯಾರಿಸೋರ ಮಗ ಜೇಮ್ಸ್ ಜೂಲ್ ವೈರಿನ ಸುರುಳೀನ ನೀರಲ್ಲಿಟ್ಟು ಕರೆಂಟು ಹಾಯಿಸಿ, ನೀರು ಎಷ್ಟು ಕಾಯ್ತು ಅಂತ ಥರ್ಮಾಮೀಟರಲ್ಲಿ ಅಳೆದು 1841ರಲ್ಲಿ ಲೆಕ್ಕ ಪ್ರಕಟಿಸಿದ. ವೈರಿನ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಅದು ಒಡ್ಡೋ ಅಡ್ಡಿ, ಎರಡರಷ್ಟಾದ್ರೆ ಬಿಸಿ ಎರಡರಷ್ಟು, ಆದ್ರೆ ಕರೆಂಟು ಎರಡರಷ್ಟಾದ್ರೆ ಬಿಸಿ ನಾಲ್ಕರಷ್ಟು, ಮೂರರಷ್ಟಾದ್ರೆ ಒಂಬತ್ತರಷ್ಟು. ಈ ವರ್ಗದ ಲೆಕ್ಕವನ್ನ ಒಂದು ಸಲ ಮನಸ್ಸಿಗೆ ಹಾಕ್ಕೊಂಡ್ರೆ ಮನೇಲಿರೋ ಅರ್ಧ ಸಾಮಾನು ಅರ್ಥ ಆಗುತ್ತೆ ಅಂತ ನನ್ನ ನಂಬಿಕೆ.

1000 ವ್ಯಾಟಿನ ಇಸ್ತ್ರಿ ಪೆಟ್ಟಿಗೇನೇ ತಗೊಳ್ಳಿ, 230 ವೋಲ್ಟಿಗೆ ಸುಮಾರು 4.3 ಆಂಪಿಯರ್ ಕರೆಂಟು ಎಳ್ಕೊಳ್ಳುತ್ತೆ. ಅದೇ ಕರೆಂಟು ಪೆಟ್ಟಿಗೆಯ ಎರಡು ಮೀಟರಿನ ತಾಮ್ರದ ವೈರಲ್ಲೂ ಹರಿಯುತ್ತೆ, ಆದ್ರೆ ಅಲ್ಲಿ ಹುಟ್ಟೋ ಬಿಸಿ ಒಂದೆರಡು ವ್ಯಾಟ್ ಅಷ್ಟೆ, ಯಾಕಂದ್ರೆ ತಾಮ್ರದ ರೆಸಿಸ್ಟೆನ್ಸ್ ತೀರಾ ಕಮ್ಮಿ. ಒಳಗಿನ ಕಾಯಿಲ್ ಮಾತ್ರ ನೈಕ್ರೋಮ್, ಅಂದ್ರೆ ನಿಕ್ಕಲ್ ಕ್ರೋಮಿಯಂ ಮಿಶ್ರಣ, ರೆಸಿಸ್ಟೆನ್ಸೂ ಜಾಸ್ತಿ, ಕೆಂಪಗೆ ಕಾದ್ರೂ ಬೇಗ ತುಕ್ಕು ಹಿಡಿಯಲ್ಲ. ಗೀಸರ್, ಕಾಯಿಲ್ ಒಲೆ ಎಲ್ಲ ಇದೇ ಕಥೆ. ಪ್ಲಗ್ ಲೂಸಾಗಿದ್ರೆ ಮಾತ್ರ ಹುಷಾರು. 2000 ವ್ಯಾಟಿನ ಗೀಸರ್ ಪ್ಲಗ್ಗಲ್ಲಿ ಬರೀ ಅರ್ಧ ಓಮ್ ರೆಸಿಸ್ಟೆನ್ಸ್ ಸೇರ್ಕೊಂಡ್ರೂ ಆ ಒಂದು ಚುಕ್ಕೇಲಿ 35 ವ್ಯಾಟ್ ಮೇಲೆ ಬಿಸಿ, ಸಣ್ಣ ಸೋಲ್ಡರಿಂಗ್ ಐರನ್‌ಗೆ 25 ವ್ಯಾಟ್ ಸಾಕು.

ಈಗ ಅಪ್ಪನ ಪ್ರಶ್ನೆಗೆ ಬರ್ತೀನಿ. ಕಮ್ಮಿ ಆಗಿದ್ದು ವೋಲ್ಟೇಜು, ಅಂದ್ರೆ ಕರೆಂಟನ್ನ ತಳ್ಳೋ ಒತ್ತಡ, ಕರೆಂಟಲ್ಲ. ನೀರಿನ ಭಾರ ಅಷ್ಟೇ ಇದೆ, ಅದನ್ನ ಎತ್ತಲೇಬೇಕು, ವೋಲ್ಟೇಜ್ ಇಳಿದ್ರೆ ಮೋಟರ್ ಆ ಕೊರತೆ ತುಂಬ್ಕೊಳ್ಳೋಕೆ ಜಾಸ್ತಿ ಆಂಪಿಯರ್ ಎಳೆಯುತ್ತೆ. 1.4 ಪಟ್ಟು ಎಳೆದ್ರೂ ವೈಂಡಿಂಗಲ್ಲಿ ಬಿಸಿ ಹತ್ತತ್ರ ಡಬಲ್. ಸ್ಟಾರ್ಟರ್ ಒಳಗಿನ ಓವರ್‌ಲೋಡ್ ರಿಲೇ ಇರೋದು ಇದಕ್ಕೇ, ಎರಡು ಲೋಹ ಅಂಟಿಸಿರೋ ಪಟ್ಟಿ ಅದೇ ಕರೆಂಟಿಗೆ ಕಾದು ಬಾಗಿ ಲೈನ್ ಕಟ್ ಮಾಡುತ್ತೆ. ಪದೇ ಪದೇ ಟ್ರಿಪ್ ಆಗುತ್ತೆ ಅಂತ ನಾವು ಅದನ್ನ ಜಾಸ್ತಿಗೆ ತಿರುಗಿಸಿಟ್ಟಿದ್ವಿ. ತಪ್ಪು ನಮ್ಮದೇ.

ವೋಲ್ಟೇಜ್ ಇಳಿಯೋದಕ್ಕೂ ಲೈನಿನ ರೆಸಿಸ್ಟೆನ್ಸೇ ಒಂದು ಕಾರಣ. ನಮ್ಮ ಜಿಲ್ಲೆಗೆ ಇದು ಹಳೇ ವಿಷ್ಯ, 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದಾಗ, ದಾರೀಲೇ ಶಕ್ತಿಯೆಲ್ಲ ಬಿಸಿಯಾಗಿ ಕಳೆದು ಹೋಗ್ಬಾರದು ಅಂತ ವೋಲ್ಟೇಜನ್ನ ಸಾವಿರಗಟ್ಟಲೆ ಏರಿಸಿ ಕಳಿಸಿದ್ರು. ವೋಲ್ಟೇಜ್ ಹತ್ತು ಪಟ್ಟು ಏರಿಸಿದ್ರೆ ಕರೆಂಟು ಹತ್ತನೇ ಒಂದು ಪಾಲು ಸಾಕು, ಲೈನಲ್ಲಿ ಹಾಳಾಗೋದು ನೂರನೇ ಒಂದು ಪಾಲು. ಆದ್ರೆ ಟ್ರಾನ್ಸ್‌ಫಾರ್ಮರ್ ದಾಟಿದ ಮೇಲೆ ತೋಟದವರೆಗೆ 415 ವೋಲ್ಟಿನ ಲೈನೇ, ಎಲ್ಲರೂ ಒಟ್ಟಿಗೆ ಮೋಟರ್ ಹಾಕಿದ್ರೆ ಕೊನೇ ಕಂಬದಲ್ಲಿರೋ ನಮಗೆ ವೋಲ್ಟೇಜ್ ಉಳಿಯಲ್ಲ.

ಈಗ ಅಪ್ಪ ಮೊದಲು ಮೀಟರ್ ನೋಡ್ತಾರೆ. 350ಕ್ಕಿಂತ ಕೆಳಗಿದ್ರೆ ಸ್ಟಾರ್ಟರ್ ಮುಟ್ಟಲ್ಲ, ಪಕ್ಕದ ತೋಟದೋರು ಆಫ್ ಮಾಡೋವರೆಗೂ ಬೇವಿನ ಮರದ ಕೆಳಗೆ ಕೂತಿರ್ತಾರೆ.