ಎಸ್‌ಎಸ್‌ಎಲ್‌ಸಿ ಗ್ರೇಡ್, ಸಿಬಿಎಸ್‌ಇ ಗ್ರೇಡ್: ಲೆಕ್ಕ ಬೇರೆಯಾಗುವುದು ಎಲ್ಲಿ?

ಅಂಕಪಟ್ಟಿಯಲ್ಲಿ ಗ್ರೇಡ್ ಕಂಡರೆ ಮೊದಲು ಕೇಳಿಕೊಳ್ಳಿ: ಇದು ಅಂಕ ನೋಡಿ ಕೊಟ್ಟದ್ದೋ, ಸ್ಥಾನ ನೋಡಿ ಕೊಟ್ಟದ್ದೋ?

ಕರ್ನಾಟಕದ ಎಸ್‌ಎಸ್‌ಎಲ್‌ಸಿಯಲ್ಲಿ ಅಂಕ ನೋಡಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಇದರ ಶೇ 90 ಎಂದರೆ 562.5; ಹಾಗಾಗಿ ಎ+ ಶುರುವಾಗುವುದು 563ರಿಂದ. 500ರಿಂದ 562ರವರೆಗೆ ಎ, 438ರಿಂದ 499 ಬಿ+, 375ರಿಂದ 437 ಬಿ. ಬೇರೆಯವರು ಎಷ್ಟೇ ತೆಗೆದರೂ ನಿಮ್ಮ ಗ್ರೇಡ್ ಬದಲಾಗದು.

ಇಲ್ಲಿ ಹಲವರು ಎಡವುವುದು ಆರೂ ವಿಷಯಗಳ ಶೇಕಡಾವಾರು ಕೂಡಿಸಿ ಆರರಿಂದ ಭಾಗಿಸಿದಾಗ. ಪ್ರಥಮ ಭಾಷೆಯಲ್ಲಿ 125ಕ್ಕೆ 90 (ಶೇ 72), ಉಳಿದ ಐದರಲ್ಲಿ ಒಟ್ಟು 472 ಬಂದಿದೆ ಎನ್ನೋಣ. ಹಾಗೆ ಭಾಗಿಸಿದರೆ ಶೇ 90.67, ಎ+ ಬಂತೆಂಬ ಖುಷಿ. ನಿಜವಾದ ಮೊತ್ತ 562, ಅಂದರೆ ಶೇ 89.92. ಗ್ರೇಡ್ ಎ ಅಷ್ಟೇ. ಪ್ರಥಮ ಭಾಷೆಯ ತೂಕ ಹೆಚ್ಚು ಎಂಬುದನ್ನು ಮರೆತರೆ ಹೀಗಾಗುತ್ತದೆ.

ಸಿಬಿಎಸ್‌ಇ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಗ್ರೇಡ್ ವಿಷಯವಾರು, ಅದೂ ಸ್ಥಾನ ನೋಡಿ. ಆ ವಿಷಯದಲ್ಲಿ ಪಾಸಾದವರನ್ನೆಲ್ಲ ಅಂಕದ ಇಳಿಕೆ ಕ್ರಮದಲ್ಲಿ ನಿಲ್ಲಿಸಿ ಎಂಟು ಪಾಲು ಮಾಡುತ್ತಾರೆ. ಮೊದಲ ಎಂಟನೇ ಒಂದು ಪಾಲಿಗೆ ಎ1, ಮುಂದಿನದಕ್ಕೆ ಎ2, ಹೀಗೆ ಡಿ2ವರೆಗೆ.

ಒಂದೇ ಅಂಕ ಪಡೆದವರು ಗಡಿಯ ಮೇಲೆ ಬಂದರೆ? ಅವರನ್ನು ಒಡೆಯುವುದಿಲ್ಲ, ಚಿಕ್ಕ ಭಾಗ ದೊಡ್ಡ ಭಾಗದ ಜೊತೆ ಹೋಗುತ್ತದೆ. ಪಾಸಾದವರು 8000 ಎಂದುಕೊಳ್ಳಿ. ಪ್ರತಿ ಪಾಲಿಗೆ 1000. 93 ಮತ್ತು ಮೇಲ್ಪಟ್ಟವರು 940, ಸರಿಯಾಗಿ 92 ಪಡೆದವರು 150. ಎ1ರಲ್ಲಿ ಉಳಿದ ಜಾಗ 60, ಆಚೆ ಬೀಳುವವರು 90. ಹಾಗಾಗಿ 150 ಮಂದಿಗೂ ಎ2.

ಇದರಿಂದಲೇ, ಎಲ್ಲರೂ ಚೆನ್ನಾಗಿ ಬರೆದ ವಿಷಯದಲ್ಲಿ 92ಕ್ಕೆ ಎ2 ಸಿಗಬಹುದು, ಕಠಿಣವಾಗಿದ್ದ ವಿಷಯದಲ್ಲಿ 85ಕ್ಕೆ ಎ1. ಗಣಿತಕ್ಕಿಂತ ಸಮಾಜ ವಿಜ್ಞಾನದ ಗ್ರೇಡ್ ಮೇಲಿದ್ದ ಮಾತ್ರಕ್ಕೆ ಅದರ ಅಂಕವೂ ಹೆಚ್ಚೆಂದು ತಿಳಿಯಬೇಡಿ.

ಗೊಂದಲ ಹೆಚ್ಚಿಸುವುದು ಶಾಲೆಯ ಪ್ರಗತಿ ಪತ್ರ. ಅನೇಕ ಸಿಬಿಎಸ್‌ಇ ಶಾಲೆಗಳು ಕೆಳಗಿನ ತರಗತಿಗಳಲ್ಲಿ ಅದೇ ಅಕ್ಷರಗಳನ್ನು ಅಂಕಕ್ಕೆ ಕಟ್ಟುತ್ತವೆ: ಎ1 ಎಂದರೆ 91ರಿಂದ 100, ಎ2 ಎಂದರೆ 81ರಿಂದ 90. ಎಂಟನೇ ತರಗತಿಯ ಎ1 ಮತ್ತು ಹತ್ತರ ಎ2 ಪಕ್ಕದಲ್ಲಿಟ್ಟು ಮಗು ಹಿಂದೆ ಬಿತ್ತು ಎನ್ನುವುದು ತಪ್ಪು ಲೆಕ್ಕ. ಅಂಕ ನಮೂದಾಗಿದ್ದರೆ ಅದನ್ನೇ ಹೋಲಿಸಿ.

ಹಳೆಯ ಸಿಬಿಎಸ್‌ಇ ಪಟ್ಟಿಗಳಲ್ಲಿ ಸಿಜಿಪಿಎ (ವಿಷಯಗಳ ಗ್ರೇಡ್ ಪಾಯಿಂಟ್‌ಗಳ ಸರಾಸರಿ, ಗರಿಷ್ಠ 10) ಮಾತ್ರ ಇದ್ದರೆ 9.5ರಿಂದ ಗುಣಿಸಿ ಅಂದಾಜು ಶೇಕಡಾವಾರು ತೆಗೆಯುತ್ತಿದ್ದರು. 10 ಸಿಜಿಪಿಎ ಇದ್ದವರಿಗೂ ಶೇ 95 ದಾಟದು. ಈಗಿನ ಸ್ಥಾನಾಧಾರಿತ ಗ್ರೇಡ್‌ಗೆ ಆ ಸೂತ್ರ ಹಚ್ಚಲು ಬಾರದು.