ಅಷ್ಟೇನೂ ವೇಗವಿಲ್ಲದ ಜೆರ್ರಿ ರೈಸ್ ಅಗ್ರ ರಿಸೀವರ್ ಆದದ್ದು ಹೇಗೆ?

ಓದುಗರ ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ರಿಸೀವರ್ ಎಂದರೆ ಎದುರಾಳಿಯನ್ನು ಹಿಂದೆ ಹಾಕಿ ಓಡಿ, ಚೆಂಡು ಹಿಡಿಯುವ ಆಟಗಾರ. ಜೆರ್ರಿ ರೈಸ್ ಅಂಥ ವೇಗಿಯೇನೂ ಆಗಿರಲಿಲ್ಲವಂತೆ. ಹಾಗಿದ್ದೂ ದೊಡ್ಡ ದಾಖಲೆಗಳು ಅವರ ಹೆಸರಿನಲ್ಲಿ ಇರುವುದು ಹೇಗೆ?

ಉತ್ತರ: ರೈಸ್ ನಿಧಾನ ಎಂಬ ಮಾತು ಹುಟ್ಟಿದ್ದು 40 ಗಜದ ಓಟದ ಪರೀಕ್ಷೆಯಿಂದ. ಅವರಿಗೆ ಸುಮಾರು 4.7 ಸೆಕೆಂಡು ಬೇಕಾಯಿತು ಎನ್ನಲಾಗುತ್ತದೆ. ವೇಗದ ರಿಸೀವರ್‌ಗಳು ಅದನ್ನು 4.4ರ ಆಸುಪಾಸಿನಲ್ಲಿ ಮುಗಿಸುತ್ತಾರೆ. ಆದರೆ ಆ ಪರೀಕ್ಷೆಯಲ್ಲಿ ಆಟಗಾರ ಒಬ್ಬನೇ, ನೇರವಾಗಿ ಓಡುತ್ತಾನೆ. ಪಂದ್ಯದಲ್ಲಿ ರಿಸೀವರ್ ಓಡಬೇಕಾದದ್ದು ‘ರೂಟ್’ ಎಂದು ಕರೆಯುವ, ಮೊದಲೇ ಗೊತ್ತುಮಾಡಿದ ದಾರಿಯಲ್ಲಿ: ಇಷ್ಟು ಹೆಜ್ಜೆ ಮುಂದೆ, ಅಲ್ಲಿಂದ ಥಟ್ಟನೆ ಒಳಕ್ಕೋ ಹೊರಕ್ಕೋ ತಿರುವು. ರೈಸ್ ಸೇರಿದ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ತರಬೇತುದಾರ ಬಿಲ್ ವಾಲ್ಶ್ ರೂಪಿಸಿದ್ದ ಪದ್ಧತಿಯಲ್ಲಂತೂ, ರಿಸೀವರ್ ತಿರುಗಿ ನೋಡುವುದಕ್ಕೆ ಮೊದಲೇ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆದುಬಿಟ್ಟಿರುತ್ತಿದ್ದುದರಿಂದ, ಒಂದು ಹೆಜ್ಜೆ ಹೆಚ್ಚುಕಡಿಮೆಯಾದರೂ ಚೆಂಡು ಎದುರಾಳಿಯ ಪಾಲಾಗುವ ಅಪಾಯವಿತ್ತು. ತಿರುವಿನಲ್ಲಿ ವೇಗ ಕಳೆದುಕೊಳ್ಳದಿರುವುದು, ಚೆಂಡು ಕೈಗೆ ಬಂದ ಮರುಕ್ಷಣವೇ ಮುಂದಕ್ಕೆ ಚಿಮ್ಮುವುದು ರೈಸ್ ಅವರ ನಿಜವಾದ ಬಲವಾಗಿತ್ತು. ಇದು ಯಾವ ಸ್ಟಾಪ್‌ವಾಚ್‌ಗೂ ಸಿಗುವಂಥದ್ದಲ್ಲ.

1962ರಲ್ಲಿ ಜನಿಸಿದ ಅವರು ಬೆಳೆದದ್ದು ಮಿಸಿಸಿಪ್ಪಿ ರಾಜ್ಯದ ಕ್ರಾಫರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಗಾರೆ ಕೆಲಸದವರು. ಸಾರುವೆಯ ಮೇಲೆ ನಿಂತು, ಅಣ್ಣತಮ್ಮಂದಿರು ಕೆಳಗಿನಿಂದ ಎಸೆದ ಇಟ್ಟಿಗೆಗಳನ್ನು ಹಿಡಿದು ಹಿಡಿದೇ ಕೈ ಪಳಗಿತು ಎಂಬ ಕಥೆಯನ್ನು ಅವರ ಬಗ್ಗೆ ಬರೆಯುವವರೆಲ್ಲ ಹೇಳುತ್ತಾರೆ. ಕಥೆ ನಿಜವೇ, ಆದರೆ ಅದಕ್ಕೆ ಅಗತ್ಯಕ್ಕಿಂತ ಹೆಚ್ಚು ಮಹತ್ವ ಸಿಕ್ಕಿದೆ ಎಂದು ನನ್ನ ಅನಿಸಿಕೆ. ಏಕೆಂದರೆ 1985ರಲ್ಲಿ, ವೃತ್ತಿಜೀವನದ ಮೊದಲ ವರ್ಷ, ಅದೇ ಕೈಗಳಿಂದ ಚೆಂಡು ಮತ್ತೆ ಮತ್ತೆ ಜಾರಿ, ತವರಿನ ಪ್ರೇಕ್ಷಕರೇ ಅವರನ್ನು ಹೀಯಾಳಿಸಿದ್ದರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಆ ವರ್ಷದ ಡ್ರಾಫ್ಟ್‌ನಲ್ಲಿ ಅವರು ಆಯ್ಕೆಯಾದದ್ದು 16ನೆಯವರಾಗಿ. ಅಲ್ ಟೂನ್ ಮತ್ತು ಎಡ್ಡಿ ಬ್ರೌನ್ ಎಂಬ ಇಬ್ಬರು ರಿಸೀವರ್‌ಗಳನ್ನು ಬೇರೆ ತಂಡಗಳು ಅವರಿಗಿಂತ ಮೊದಲೇ ಆರಿಸಿಕೊಂಡಿದ್ದವು. ಡಿಸೆಂಬರ್‌ನಲ್ಲಿ ರ‍್ಯಾಮ್ಸ್ ವಿರುದ್ಧದ ಒಂದೇ ಪಂದ್ಯದಲ್ಲಿ 241 ಗಜ ಗಳಿಸಿದ (ಅಂದರೆ, ಹಿಡಿದ ಚೆಂಡುಗಳಿಂದ ತಂಡವನ್ನು ಅಷ್ಟು ದೂರ ಮುಂದೊಯ್ದ) ಮೇಲೆ ಹೀಯಾಳಿಕೆ ನಿಂತಿತು. 1987ರಲ್ಲಿ ಕೇವಲ 12 ಪಂದ್ಯಗಳಲ್ಲಿ, ಎದುರಾಳಿಯ ಅಂತಿಮ ವಲಯ ಮುಟ್ಟಿ ಅಂಕ ತರುವ 22 ಟಚ್‌ಡೌನ್ ಪಾಸ್‌ಗಳನ್ನು ಹಿಡಿದರು. 1989ರ ಜನವರಿಯಲ್ಲಿ ನಡೆದ, ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ 215 ಗಜ ಗಳಿಸಿ ಪಂದ್ಯಶ್ರೇಷ್ಠರಾದಾಗ ಸೋತ ಸಿನ್ಸಿನಾಟಿ ತಂಡದಲ್ಲಿ ಅದೇ ಎಡ್ಡಿ ಬ್ರೌನ್ ಇದ್ದರು.

ಇಟ್ಟಿಗೆಗಿಂತ ಹೆಚ್ಚು ಹೇಳಬೇಕಾದದ್ದು ಗುಡ್ಡದ ಕಥೆ. ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ರೈಸ್ ಕ್ಯಾಲಿಫೋರ್ನಿಯಾದ ಸ್ಯಾನ್ ಕಾರ್ಲೋಸ್ ಬಳಿಯ ಒಂದು ಗುಡ್ಡದ ಸುಮಾರು ಎರಡೂವರೆ ಮೈಲಿಯ ಏರುದಾರಿಯನ್ನು ಓಡಿ ಹತ್ತುತ್ತಿದ್ದರು. ಜೊತೆಗೆ ಬಂದ ಸಹ ಆಟಗಾರರಲ್ಲಿ ಹಲವರಿಗೆ ಅದು ಅರ್ಧಕ್ಕೇ ಸಾಕಾಗುತ್ತಿತ್ತು. ಎದುರಾಳಿಗಳ ಕಾಲು ಸೋಲುವ ನಾಲ್ಕನೆಯ ಕ್ವಾರ್ಟರ್‌ನಲ್ಲೂ ಇವರ ಓಟ ಕುಗ್ಗದಿದ್ದುದಕ್ಕೆ, ಅದಕ್ಕಿಂತ ಮುಖ್ಯವಾಗಿ, ರಿಸೀವರ್‌ಗಳು ಸಾಮಾನ್ಯವಾಗಿ ಮೂವತ್ತು ದಾಟುತ್ತಲೇ ಮಂಕಾಗುವ ಆಟದಲ್ಲಿ ಇವರು 20 ಋತುಗಳ ಕಾಲ ಉಳಿದುದಕ್ಕೆ ಈ ಗುಡ್ಡವೇ ದೊಡ್ಡ ಕಾರಣ. 1997ರಲ್ಲಿ ಮೊಣಕಾಲಿಗೆ ತೀವ್ರ ಪೆಟ್ಟಾಗಿ ಬಹುತೇಕ ಇಡೀ ಋತು ಕೈತಪ್ಪಿದರೂ ಮರಳಿ ಬಂದರು.

ದಾಖಲೆಯ ಗುಟ್ಟೂ ಇದೇ. 1,549 ಕ್ಯಾಚ್, 22,895 ಗಜ, ಒಟ್ಟು 208 ಟಚ್‌ಡೌನ್ ಎಂಬ ಅಂಕಿಗಳು ಪ್ರತಿಭೆಯೊಂದಿಗೆ ಆಯುಷ್ಯವೂ ಸೇರಿದಾಗ ಮಾತ್ರ ಸಾಧ್ಯ. ಗಜಗಳ ಪಟ್ಟಿಯಲ್ಲಿ ಎರಡನೆಯವರಾದ ಲ್ಯಾರಿ ಫಿಟ್ಸ್‌ಜೆರಾಲ್ಡ್ 17 ಋತು ಆಡಿಯೂ 5,000ಕ್ಕೂ ಹೆಚ್ಚು ಗಜ ಹಿಂದಿದ್ದಾರೆ. ನಲವತ್ತು ತುಂಬಿದ 2002ರ ಋತುವಿನಲ್ಲಿ ಓಕ್‌ಲ್ಯಾಂಡ್ ರೈಡರ್ಸ್ ಪರ ರೈಸ್ ಗಳಿಸಿದ್ದು 1,211 ಗಜ. ಮೂರು ವರ್ಷಗಳ ನಂತರ ಡೆನ್ವರ್ ತಂಡದಲ್ಲಿ ಆರಂಭಿಕ ಸ್ಥಾನ ಸಿಗುವುದಿಲ್ಲವೆಂದು ಖಚಿತವಾದಾಗ, ಋತು ಆರಂಭವಾಗುವ ಮುನ್ನವೇ ನಿವೃತ್ತಿ ಘೋಷಿಸಿದರು.