ಬೈಪಾಸ್ ಹೋಗಿ ಪೇಟೆಯಾಯಿತು

ಉಡುಪಿಯ ‘ಕರಾವಳಿ ಬೈಪಾಸ್’ನಲ್ಲಿ ಬಸ್ ಇಳಿದರೆ ಕಾಲಿಡುವುದು ಪೇಟೆಗೇ. ಊರನ್ನು ಬಳಸಿ ಹೋಗಲೆಂದು ಮಾಡಿದ ದಾರಿಯನ್ನು ಊರೇ ಹುಡುಕಿಕೊಂಡು ಬಂದಿದೆ, ಹೆಸರೊಂದು ಉಳಿದಿದೆ. ಮಂಗಳೂರಿನ ಕತೆಯೂ ಹೆಚ್ಚುಕಡಿಮೆ ಇದೇ.

ಹಳೆ ಮಂಗಳೂರು ಇದ್ದದ್ದು ಬಂದರು, ಹಂಪನಕಟ್ಟೆಯ ಸುತ್ತ. ಹೆದ್ದಾರಿ (ಈಗ 66, ಹಳಬರ ಬಾಯಲ್ಲಿ ಇನ್ನೂ 17) ಮೂಡಣ ಮಗ್ಗುಲಲ್ಲಿ ಪಂಪ್‌ವೆಲ್, ನಂತೂರು ಹಿಡಿದು ಕೂಳೂರಿಗೆ ಹೋಗುತ್ತದೆ. 1975ರಲ್ಲಿ ಪಣಂಬೂರಿನ ಹೊಸ ಬಂದರು ಉದ್ಘಾಟನೆಯಾಯಿತು. ರಸಗೊಬ್ಬರ ಕಾರ್ಖಾನೆ, ಆಮೇಲೆ ತೈಲ ಸಂಸ್ಕರಣಾಗಾರ ಬಂದವು. ಘಟ್ಟ ಹತ್ತುವ ಗ್ಯಾಸ್ ಟ್ಯಾಂಕರ್, ಕೇರಳಕ್ಕೆ ಹೋಗುವ ಲಾರಿ ಎಲ್ಲ ಈ ದಾರಿಗೇ ಬಿದ್ದವು. ಜೊತೆಗೆ ಊರೂ ಹೆದ್ದಾರಿ ದಾಟಿ ಬೆಳೆಯಿತು. ಈಗ ಕದ್ರಿ, ಕಂಕನಾಡಿ ಈಚೆ. ಮರೋಳಿ, ಕುಲಶೇಖರ, ಶಕ್ತಿನಗರ ಆಚೆ. ಮೂಡುಬಿದಿರೆ ಕಡೆಯ ರಸ್ತೆಯೂ ಬಂದು ಸೇರುವ ನಂತೂರಿನಲ್ಲಿ ಟ್ಯಾಂಕರ್, ಸಿಟಿ ಬಸ್, ಸ್ಕೂಟರಿನಲ್ಲಿ ಕೂತ ಶಾಲೆ ಮಕ್ಕಳು ಎಲ್ಲರಿಗೂ ಒಂದೇ ವೃತ್ತ.

ತಲಪಾಡಿ–ಕುಂದಾಪುರ ಚತುಷ್ಪಥ ಬಂದಾಗ ಸಿಕ್ಕ ಮದ್ದು ಮೇಲ್ಸೇತುವೆ. ಪಂಪ್‌ವೆಲ್‌ನದ್ದು ಹತ್ತು ವರ್ಷ ಎಳೆದು 2020ರ ಜನವರಿ 31ರಂದು ತೆರೆಯಿತು. ಅಷ್ಟರಲ್ಲಿ ಅದರ ಮೇಲೆ ಹುಟ್ಟಿದ ಜೋಕುಗಳಿಗೆ ಲೆಕ್ಕವಿಲ್ಲ. ತಡವಾದದ್ದಕ್ಕೆ ನಗುವ ಭರದಲ್ಲಿ ಸೇತುವೆ ಯಾರಿಗೆಂದು ನಾವು ಕೇಳಲೇ ಇಲ್ಲ. ಮೇಲೆ ಹೋಗುವವರಿಗೆ ಮಂಗಳೂರಿನಲ್ಲಿ ಇಳಿಯುವ ಕೆಲಸವಿಲ್ಲ. ಕಂಕನಾಡಿಯಿಂದ ನಡೆದು ಬಂದವರು ಕೆಳಗೆ, ಜೋರು ಮಳೆಗೆ ನೀರು ನಿಲ್ಲುವಲ್ಲಿ ರಸ್ತೆ ದಾಟಬೇಕು.

ಸ್ಯಾನ್ ಫ್ರಾನ್ಸಿಸ್ಕೋದ ಕಡಲ ಬದಿಯಲ್ಲೂ ಎಂಬಾರ್ಕಡೆರೋ ಎಂಬ ಎರಡಂತಸ್ತಿನ ಹೆದ್ದಾರಿ ಇತ್ತು. 1986ರಲ್ಲಿ ಅದನ್ನು ಕೆಡವೋಣವೇ ಎಂದಾಗ ಮತದಾರರು ಬೇಡವೆಂದರು. 1989ರ ಭೂಕಂಪ ಅದನ್ನು ಜಖಂಗೊಳಿಸಿತು; 1991ರಲ್ಲಿ ಒಡೆಯಲು ಶುರುಮಾಡಿದರು. ಈಗ ಅಲ್ಲಿ ಟ್ರಾಮ್ ಓಡುತ್ತದೆ, ಜನ ಅಡ್ಡಾಡುತ್ತಾರೆ. ದಕ್ಷಿಣ ಕೊರಿಯಾದ ಸೋಲ್ ನಗರ 2003ರಲ್ಲಿ ತಾನಾಗಿಯೇ ಮೇಲ್ರಸ್ತೆ ಒಡೆದು, ಅಡಿಯಲ್ಲಿ ಮುಚ್ಚಿಹೋಗಿದ್ದ ಚಂಗ್ಯೆಚಾನ್ ಹೊಳೆಯನ್ನು 2005ಕ್ಕೆ ತೆರೆಯಿತು. ರಸ್ತೆ ಅಗಲವಾದರೆ ಹೊಸ ವಾಹನ ಬಂದು ಸೇರುವ ಹಾಗೆ, ರಸ್ತೆ ಹೋದರೆ ಒಂದಷ್ಟು ಓಡಾಟ ಬೇರೆ ದಾರಿ ಹಿಡಿಯುತ್ತದೆ, ಒಂದಷ್ಟು ನಿಂತೇಹೋಗುತ್ತದೆ. ಆದರೆ ಸೋಲ್‌ನಲ್ಲಿ ಮೆಟ್ರೋ ಮೊದಲೇ ಇತ್ತು, 2004ರಲ್ಲಿ ಬಸ್ ವ್ಯವಸ್ಥೆಯನ್ನೂ ಬುಡದಿಂದ ಸರಿಮಾಡಿದರು. ಚಿತ್ರ ತೋರಿಸಿ ‘ನಮಗೂ ಹೀಗೇ ಬೇಕು’ ಎನ್ನುವವರು ಈ ಭಾಗವನ್ನು ನುಂಗಿಬಿಡುತ್ತಾರೆ.

ಮಂಗಳೂರಿನ ಹೆದ್ದಾರಿಯನ್ನು ನಾಳೆಯೇ ಒಡೆಯಲಾಗದು. ಟ್ಯಾಂಕರುಗಳಿಗೆ ಬೇರೆ ದಾರಿ ಬೇಕು. ಮುಲ್ಕಿಯಿಂದ ಕಟೀಲು, ಬಿ.ಸಿ. ರೋಡ್ ಬಳಸಿ ತೊಕ್ಕೊಟ್ಟಿಗೆ ಬರುವ ವರ್ತುಲ ರಸ್ತೆಯ ಪ್ರಸ್ತಾಪ ಇರುವುದು ಅದಕ್ಕೇ. ಅದಾದ ಮೇಲೆ ಪಂಪ್‌ವೆಲ್–ಕೂಳೂರು ನಡುವಿನದ್ದನ್ನು ಊರಿನ ರಸ್ತೆಯಾಗಿ ಮಾಡಿ ಫುಟ್‌ಪಾತ್, ಬಸ್ ತಂಗುದಾಣ, ದಾಟಲು ಸಿಗ್ನಲ್ ಕೊಡಬಹುದು. ಹೊಸ ದಾರಿಯ ಎರಡೂ ಬದಿಗೆ ಅಂಗಡಿ, ಲೇಔಟುಗಳ ಬಾಗಿಲು ತೆರೆಯಲು ಬಿಟ್ಟರೆ ಮಾತ್ರ ಅದಕ್ಕೂ ಕರಾವಳಿ ಬೈಪಾಸ್‌ನ ಗತಿಯೇ.